ಕಚೇರಿಗೆ ಸೈಕಲ್: ಅಡ್ಡಿ ಬಿಸಿಲೋ, ಬಿಗುಮಾನವೋ?

ನಿಮ್ಮ ಮನೆಯಿಂದ ಕೆಲಸದ ಜಾಗಕ್ಕೆ ಎಷ್ಟು ದೂರ? ಒಮ್ಮೆ ಲೆಕ್ಕ ಹಾಕಿ ನೋಡಿ. ಕಲಬುರಗಿಯ ರಿಂಗ್ ರಸ್ತೆಯ ಒಳಗೆ ವಾಸಿಸುವವರಾದರೆ ಮಿನಿ ವಿಧಾನಸೌಧವಿರಲಿ, ಸೂಪರ್ ಮಾರ್ಕೆಟ್ ಇರಲಿ, ಗಂಜ್ ಇರಲಿ, ನಿಮ್ಮಲ್ಲಿ ಬಹಳಷ್ಟು ಜನರಿಗೆ ನಾಲ್ಕೈದು ಕಿಲೋಮೀಟರಿಗಿಂತ ಹೆಚ್ಚಾಗಲಾರದು. ಇಷ್ಟು ದೂರಕ್ಕೆ ನಾವು ಸ್ಕೂಟರ್ ತೆಗೆಯುತ್ತೇವೆ. ಕೆಲವರು ಕಾರನ್ನೇ ತೆಗೆಯುತ್ತಾರೆ. ಹಗಲೆಲ್ಲ ಕುರ್ಚಿಯಲ್ಲಿ ಕುಳಿತು, ಸಂಜೆ ಮತ್ತೆ ಅದೇ ಗಾಡಿಯ ಮೇಲೆ ಕುಳಿತು ಮನೆಗೆ ಬಂದು, ಟಿ.ವಿ. ಮುಂದೆ ಕುಳಿತುಕೊಳ್ಳುತ್ತೇವೆ. ವೈದ್ಯರು ‘ದಿನಾ ಸ್ವಲ್ಪ ನಡೆಯಿರಿ’ ಎಂದರೆ ಬರುವ ಉತ್ತರ ಒಂದೇ: ‘ವೇಳೆ ಎಲ್ಲಿ ಅದರಿ ಡಾಕ್ಟ್ರ?’

ಈ ಉತ್ತರ ಸುಳ್ಳೆಂದು ನಾನು ಹೇಳುವುದಿಲ್ಲ. ಮಕ್ಕಳ ಶಾಲೆ, ನಳದ ನೀರು, ವಯಸ್ಸಾದ ತಂದೆತಾಯಿ, ಕಚೇರಿಯ ಕೆಲಸ ಇವುಗಳ ನಡುವೆ ಪ್ರತ್ಯೇಕವಾಗಿ ಒಂದು ಗಂಟೆ ತೆಗೆದಿಡುವುದು ಸಂಸಾರಸ್ಥರಿಗೆ ಕಷ್ಟವೇ ಸರಿ. ಆದರೆ ಕೆಲಸಕ್ಕೆ ಹೋಗಿ ಬರುವ ವೇಳೆ ಹೇಗಿದ್ದರೂ ಖರ್ಚಾಗುವಂಥದ್ದು. ಆ ವೇಳೆಯನ್ನೇ ವ್ಯಾಯಾಮವನ್ನಾಗಿ ಏಕೆ ಮಾಡಿಕೊಳ್ಳಬಾರದು? ಅದಕ್ಕೆ ಸೈಕಲ್‌ನಷ್ಟು ಅಗ್ಗದ, ಸುಲಭದ ಸಾಧನ ಇನ್ನೊಂದಿಲ್ಲ. ನಮ್ಮೂರಿನಲ್ಲಿ ಅದು ಮೂಲೆಗೆ ಬಿದ್ದದ್ದಕ್ಕೆ ನಾವು ಹೇಳುವ ಕಾರಣ ಬಿಸಿಲು. ನಿಜವಾದ ಕಾರಣ ಬೇರೆಯೇ ಇದೆ ಎಂಬುದು ನನ್ನ ಅಭಿಪ್ರಾಯ.

ಲೆಕ್ಕ ಸರಳ

ಅವಸರವಿಲ್ಲದೆ ತುಳಿದರೂ ಸೈಕಲ್ ಗಂಟೆಗೆ ಹನ್ನೆರಡು ಕಿ.ಮೀ. ವೇಗದಲ್ಲಿ ಸಾಗುತ್ತದೆ. ನಾಲ್ಕು ಕಿ.ಮೀ. ದೂರಕ್ಕೆ 20 ನಿಮಿಷ. ಹೋಗಿ ಬರಲು 40 ನಿಮಿಷ. ವಾರಕ್ಕೆ ಐದು ದಿನವಾದರೆ 200 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಬೇಕು. ಅಂದರೆ ಬೆಳಗಿನ ವಾಕಿಂಗ್ ಇಲ್ಲದೆ, ಜಿಮ್ ಶುಲ್ಕ ಕಟ್ಟದೆ, ಕೇವಲ ಕೆಲಸಕ್ಕೆ ಹೋಗಿ ಬಂದದ್ದರಿಂದಲೇ ನಿಮ್ಮ ವಾರದ ಪಾಲು ಸಂದಾಯವಾಗುತ್ತದೆ. ಸ್ಕೂಟರಿಗೆ ಹೋಲಿಸಿದರೆ ನೀವು ಕಳೆದುಕೊಳ್ಳುವುದು ಒಂದು ಬದಿಗೆ ಎಂಟು ಹತ್ತು ನಿಮಿಷ ಮಾತ್ರ. ಸೂಪರ್ ಮಾರ್ಕೆಟ್ ಗದ್ದಲದಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವವರಿಗೆ ಅಷ್ಟೂ ನಷ್ಟವಿಲ್ಲ.

ಇದರ ಅಗತ್ಯ ನಮಗೆಷ್ಟಿದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ನಮ್ಮಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ವಯಸ್ಕರಲ್ಲಿ ನೂರಕ್ಕೆ 35 ಜನರಿಗೆ ರಕ್ತದೊತ್ತಡ ಹೆಚ್ಚಾಗಿದೆ. ಕಲಬುರಗಿಯಲ್ಲಿ 2024ರ ಡಿಸೆಂಬರ್‌ನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆ ಉದ್ಘಾಟನೆಯಾಯಿತು. ಹೃದಯದ ಕಾಯಿಲೆಗೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಓಡುತ್ತಿದ್ದ ನಮ್ಮ ಭಾಗದವರಿಗೆ ಅದು ದೊಡ್ಡ ಆಸರೆ. ಆದರೆ ಆ ಹಾಸಿಗೆಗಳವರೆಗೆ ಹೋಗದಂತೆ ನೋಡಿಕೊಳ್ಳುವ ಹೊಣೆ ಆಸ್ಪತ್ರೆಯದಲ್ಲ, ನಮ್ಮದು.

ಡ್ರೈವರ್ ಮತ್ತು ಕಂಡಕ್ಟರ್

ದೇಹಶ್ರಮಕ್ಕೂ ಹೃದಯಕ್ಕೂ ಇರುವ ನಂಟನ್ನು ಜಗತ್ತಿಗೆ ಮೊದಲು ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಒಂದು ಬಸ್ಸು ಎಂದರೆ ನಿಮಗೆ ಅಚ್ಚರಿಯಾಗಬಹುದು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಜೆರೆಮಿ ಮಾರಿಸ್ ಎಂಬ ವೈದ್ಯರು ಅಭ್ಯಸಿಸಿ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಡ್ರೈವರ್ ಮತ್ತು ಕಂಡಕ್ಟರ್ ಇಬ್ಬರೂ ಒಂದೇ ವರ್ಗದವರು, ಒಂದೇ ಬಸ್ಸಿನಲ್ಲಿ ದುಡಿಯುವವರು. ವ್ಯತ್ಯಾಸವೆಂದರೆ, ಡ್ರೈವರ್ ದಿನವಿಡೀ ಕುಳಿತಿರುತ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡುತ್ತ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಹೃದಯಾಘಾತ ಡ್ರೈವರುಗಳಲ್ಲಿ ಹೆಚ್ಚು, ಕಂಡಕ್ಟರುಗಳಲ್ಲಿ ಕಡಿಮೆ. ಕಂಡಕ್ಟರ್ ಯಾರೂ ವ್ಯಾಯಾಮವೆಂದು ಮೆಟ್ಟಿಲು ಹತ್ತಿದವರಲ್ಲ. ಕೆಲಸದೊಳಗೇ ಸೇರಿಹೋದ ಶ್ರಮ ಅವರನ್ನು ಕಾಪಾಡಿತು.

ನಮ್ಮ ದೇಶದ ಪುರಾವೆಯೂ ಇದೆ. ಲಖನೌ, ನಾಗಪುರ, ಹೈದರಾಬಾದ್ ಮತ್ತು ನಮ್ಮ ಬೆಂಗಳೂರಿನ ಕಾರ್ಖಾನೆ ನೌಕರರನ್ನೂ ಹಳ್ಳಿಯಲ್ಲಿರುವ ಅವರ ಬಂಧುಗಳನ್ನೂ ಒಳಗೊಂಡ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಸ್ವಂತ ವಾಹನದಲ್ಲಿ ಕೆಲಸಕ್ಕೆ ಹೋಗುವವರಲ್ಲಿ ಸುಮಾರು ಅರ್ಧದಷ್ಟು ಜನ ಅತಿತೂಕದವರಾಗಿದ್ದರೆ, ಸೈಕಲ್ ತುಳಿಯುವವರಲ್ಲಿ ಆ ಪ್ರಮಾಣ ಕಾಲು ಭಾಗ ಮಾತ್ರ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳೂ ಸೈಕಲ್ ಸವಾರರಲ್ಲಿ ಕಡಿಮೆ ಕಂಡವು. ಬ್ರಿಟನ್ನಿನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿದ ಇನ್ನೊಂದು ಅಧ್ಯಯನ 2017ರಲ್ಲಿ ಬಂತು. ಗಾಡಿಯಲ್ಲಿ ಕುಳಿತು ಹೋಗುವವರಿಗೆ ಹೋಲಿಸಿದರೆ, ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವವರಲ್ಲಿ ಸಾವಿನ ಅಪಾಯ ನೂರಕ್ಕೆ 41ರಷ್ಟು ಕಡಿಮೆ ಇತ್ತು. ಮೊದಲೇ ಗಟ್ಟಿಮುಟ್ಟಾಗಿರುವವರೇ ಸೈಕಲ್ ಹತ್ತುತ್ತಾರೆ ಎಂಬ ಮಾತೂ ಇದೆ. ಆದ್ದರಿಂದ ಆ ಅಂಕಿಯನ್ನು ದೇವರ ವಾಕ್ಯವೆಂದು ತಿಳಿಯಬೇಕಿಲ್ಲ. ಆದರೂ ಬೇರೆ ಬೇರೆ ದೇಶಗಳ ಅಧ್ಯಯನಗಳು ಒಂದೇ ದಿಕ್ಕಿಗೆ ಕೈ ತೋರಿಸುವಾಗ ಕಣ್ಣು ಮುಚ್ಚಿಕೊಳ್ಳುವುದು ಜಾಣತನವಲ್ಲ.

ಪೆಡಲ್ ತುಳಿಯುವಾಗ ದುಡಿಯುವುದು ತೊಡೆ ಮತ್ತು ಪೃಷ್ಠದ ಸ್ನಾಯುಗಳು. ದೇಹದ ಅತಿ ದೊಡ್ಡ ಸ್ನಾಯುಗಳು ಇವೇ. ದುಡಿಯುವ ಸ್ನಾಯು ಇನ್ಸುಲಿನ್‌ನ ನೆರವನ್ನು ಹೆಚ್ಚು ಕಾಯದೆ ರಕ್ತದಲ್ಲಿರುವ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ನಿಂತ ಮೇಲೂ ಹಲವು ಗಂಟೆಗಳ ಕಾಲ ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸುತ್ತದೆ. ದೇಹದ ಭಾರ ಸೀಟಿನ ಮೇಲಿರುವುದರಿಂದ ಮೊಣಕಾಲಿಗೆ ಪೆಟ್ಟು ಕಡಿಮೆ. ಓಡಲಾಗದ ದಪ್ಪ ಮೈಯವರೂ ಸೈಕಲ್ ತುಳಿಯಬಲ್ಲರು.

‘ಗಾಡಿ ಕೆಟ್ಟದೇನ್ರಿ?’

ಹಾಗಾದರೆ ನಾವೇಕೆ ತುಳಿಯುತ್ತಿಲ್ಲ? ನೆನಪಿರುವವರು ನೆನಪಿಸಿಕೊಳ್ಳಿ. ಒಂದು ಕಾಲದಲ್ಲಿ ಮದುವೆಯಲ್ಲಿ ಅಳಿಯನಿಗೆ ಕೈಗಡಿಯಾರ, ರೇಡಿಯೊ ಜೊತೆ ಸೈಕಲ್ ಕೊಡುವುದೇ ದೊಡ್ಡಸ್ತಿಕೆ. ಮೇಷ್ಟ್ರು, ಪೋಸ್ಟ್‌ಮನ್, ಗುಮಾಸ್ತರು, ವಕೀಲರು ಎಲ್ಲರೂ ಸೈಕಲ್ ಸವಾರರೇ. ಗಂಟೆಗಿಷ್ಟು ಎಂದು ಬಾಡಿಗೆ ಸೈಕಲ್ ಕೊಡುವ ಅಂಗಡಿ ಓಣಿಗೊಂದು ಇರುತ್ತಿತ್ತು. ರಾತ್ರಿ ದೀಪವಿಲ್ಲದೆ ಹೋದರೆ ಪೊಲೀಸರು ಹಿಡಿಯುತ್ತಾರೆಂಬ ಅಂಜಿಕೆಯೂ ಇತ್ತು. ಬಿಸಿಲು ಆಗಲೂ ಇದೇ ಬಿಸಿಲು. ಆಮೇಲೆ ಮೊಪೆಡ್ ಬಂತು, ಸ್ಕೂಟರ್ ಬಂತು, ಕಂತಿನ ಸಾಲದ ಬೈಕ್ ಬಂತು. ಸೈಕಲ್ ಬಡತನದ ಗುರುತಾಯಿತು. ವಿಶ್ವಸಂಸ್ಥೆ ಜೂನ್ 3ನ್ನು ವಿಶ್ವ ಸೈಕಲ್ ದಿನವೆಂದು 2018ರಲ್ಲಿ ಘೋಷಿಸಿತು. ಮನೆಮಾತಾಗಿದ್ದ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಬಾಗಿಲು ಹಾಕಿದ್ದು 2020ರ ಅದೇ ಜೂನ್ 3ರಂದು.

ಇಂದು ಒಬ್ಬ ಪ್ರಥಮ ದರ್ಜೆ ಸಹಾಯಕ ಸೈಕಲ್ ಮೇಲೆ ಕಚೇರಿಗೆ ಬಂದರೆ ಗೇಟಿನಲ್ಲೇ ಪ್ರಶ್ನೆ ಎದುರಾಗುತ್ತದೆ: ‘ಏನ್ರಿ ಸಾಹೇಬ್ರ, ಗಾಡಿ ಕೆಟ್ಟದೇನ್ರಿ?’ ಕೇಳುವವರಿಗೆ ಕೆಟ್ಟ ಮನಸ್ಸಿಲ್ಲ. ಆದರೆ ವಾರದಲ್ಲಿ ನಾಲ್ಕು ಸಲ ಇದೇ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಐದನೆಯ ದಿನ ಸ್ಕೂಟರ್ ತೆಗೆಯುತ್ತಾನೆ. ಸಕ್ಕರೆ ಕಾಯಿಲೆಯ ಒಬ್ಬ ಹಿರಿಯರು ನನ್ನಲ್ಲಿ ಹೇಳಿದ ಮಾತು ಇದು: ‘ತುಳೀಲಿಕ್ಕಿ ನನಗೇನ್ ತ್ರಾಸಿಲ್ರಿ. ಬೀಗರು ನೋಡಿದ್ರ ಏನಂತಾರ?’ ಬೀಗರ ಮಾತಿಗೆ ಅಂಜಿ ಎಷ್ಟು ಜನರ ಸಕ್ಕರೆ ಏರಿದೆಯೋ ಲೆಕ್ಕವಿಟ್ಟವರಿಲ್ಲ. ಅದೇ ನಾವು ಸಂಜೆ ಜಿಮ್ಮಿಗೆ ಹೋಗಿ, ದುಡ್ಡು ಕೊಟ್ಟು, ಚಕ್ರ ಉರುಳದ ಸೈಕಲ್ಲನ್ನು ಫ್ಯಾನಿನ ಕೆಳಗೆ ತುಳಿದರೆ ಅದಕ್ಕೆ ಮರ್ಯಾದೆಯುಂಟು!

ಕಾಯಕಕ್ಕೆ ಮಾನ ತಂದುಕೊಟ್ಟ ಶರಣರ ನಾಡು ನಮ್ಮದು. ಸ್ವಂತ ಕಾಲಿನ ಬಲದಿಂದ ಕೆಲಸಕ್ಕೆ ಹೋಗುವುದು ಇಲ್ಲಿ ನಾಚಿಕೆಯ ಸಂಗತಿ ಆದದ್ದು ಹೇಗೆ ಎಂದು ನಾವು ಕೇಳಿಕೊಳ್ಳಬೇಕು.

ಬಿಸಿಲನ್ನು ಹಗುರವಾಗಿ ಕಾಣಬೇಡಿ

ಬಿಗುಮಾನ ನಿಜವಾದ ಅಡ್ಡಿ ಎಂದ ಮಾತ್ರಕ್ಕೆ ಬಿಸಿಲು ಸುಳ್ಳಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಉಷ್ಣಾಂಶ 42, 43 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದೇನಲ್ಲ. ಸೈಕಲ್ ಮೇಲೆ ಹೋಗುವಾಗ ಗಾಳಿ ಬೀಸಿ ಹಿತವಾಗುತ್ತದೆ, ಅಲ್ಲಿಯೇ ಮೋಸವಿದೆ. ಗಾಳಿ ನಮ್ಮ ಮೈಗಿಂತ ಬಿಸಿಯಾಗಿದ್ದಾಗ ಅದು ಮೈಯ ಶಾಖವನ್ನು ಒಯ್ಯುವುದಿಲ್ಲ, ಇನ್ನಷ್ಟು ಶಾಖ ತಂದು ಸುರಿಯುತ್ತದೆ. ಆಗ ದೇಹ ತಂಪಾಗಲು ಉಳಿಯುವುದು ಬೆವರು ಆರುವ ದಾರಿಯೊಂದೇ. ನಮ್ಮ ಒಣ ಹವೆಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ ‘ನನಗೇನೂ ಬೆವರು ಬರುತ್ತಿಲ್ಲ’ ಎಂದುಕೊಳ್ಳುತ್ತೀರಿ. ಅಷ್ಟರಲ್ಲಿ ದೇಹ ಸಾಕಷ್ಟು ನೀರು ಕಳೆದುಕೊಂಡಿರುತ್ತದೆ. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲದೆಂದು ತಿಳಿಯಿರಿ. ಬಾಯಾರಿಕೆಗಿಂತ ನಂಬಿಕೆಯ ಅಳತೆ ಅದು.

ಬೇಸಿಗೆಯಲ್ಲಿ ಸರ್ಕಾರ ನಮ್ಮ ಕಲಬುರಗಿ ವಿಭಾಗದ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವುದು ವಾಡಿಕೆ. ಬೆಳಿಗ್ಗೆ ತಂಪಿನಲ್ಲಿ ಹೋಗುವುದೇನೋ ಸರಿ. ಆದರೆ ನೌಕರರು ಹೊರಗೆ ಬರುವುದು ಸೂರ್ಯ ಕೆಂಡ ಕಾರುವ ಹೊತ್ತಿಗೆ. ಆದ್ದರಿಂದ ನನ್ನ ಸಲಹೆ ಸ್ಪಷ್ಟ. ಈ ಎರಡು ತಿಂಗಳು ಕಚೇರಿಗೆ ಸೈಕಲ್ ಬೇಡ, ಬಸ್ಸಿನಲ್ಲಿ ಹೋಗಿ. ಅದರ ಬದಲು ಬೆಳಗಿನ ಐದೂವರೆ ಆರರ ಹೊತ್ತಿಗೆ ಹಾಲು ತರಲು, ತರಕಾರಿ ತರಲು ಸೈಕಲ್ ತೆಗೆಯಿರಿ. ಅಪ್ಪನ ಕೆರೆಯವರೆಗೆ ಹೋಗಿ ಬನ್ನಿ. ರೂಢಿ ತಪ್ಪುವುದಿಲ್ಲ. ಇನ್ನು ಹತ್ತು ತಿಂಗಳು ಉಳಿದವಲ್ಲ, ಅವಕ್ಕೆ ಬಿಸಿಲಿನ ನೆಪ ಸಲ್ಲದು.

ಬಿಸಿಲು ಬಲಿಯುವ ಮಾರ್ಚ್ ತಿಂಗಳಲ್ಲಿ ಮಧ್ಯಾಹ್ನ 11ರಿಂದ 4ರವರೆಗಿನ ಹೊತ್ತು ಬಿಟ್ಟು ಹೊರಡಿ. ಬಿಳಿಯ, ಸಡಿಲ ಹತ್ತಿ ಅಂಗಿ, ತಲೆಗೆ ರಕ್ಷಣೆ, ಜೊತೆಗೆ ಒಂದು ಲೀಟರ್ ನೀರು ಇರಲಿ. ಹೊರಡುವ ಮುನ್ನ ಒಂದು ಲೋಟ ನೀರು, ತಲುಪಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಜೋಳದ ಅಂಬಲಿ ಕುಡಿಯಿರಿ. ಹೆಚ್ಚು ಬೆವರಿದ್ದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಕುಡಿಯಬಹುದು. ಸಕ್ಕರೆ ಕಾಯಿಲೆಯವರಿಗೆ ಮಜ್ಜಿಗೆಯೇ ಮೇಲು. ಬಿಸಿಲಿಗೆ ದೇಹ ಹೊಂದಿಕೊಳ್ಳಲು ಹತ್ತು ಹದಿನಾಲ್ಕು ದಿನ ಬೇಕು. ಬೆಂಗಳೂರಿನಿಂದ ವರ್ಗವಾಗಿ ಬಂದವರು ಬಂದ ಮಾರನೆಯ ದಿನವೇ ಸಾಹಸ ಮಾಡಬಾರದು.

ತಲೆ ಸುತ್ತು, ವಾಕರಿಕೆ, ಕಾಲಿನ ಸೆಳೆತ ಬಂದರೆ ಕೂಡಲೇ ಇಳಿದು ನೆರಳಿಗೆ ಹೋಗಿ. ಮಾತು ತೊದಲುವುದು, ಗಲಿಬಿಲಿಯಾಗುವುದು, ಮೈ ಕೆಂಡದಂತೆ ಕಾಯುವುದು ಬಿಸಿಲಾಘಾತದ ಲಕ್ಷಣ. ಅಂಥವರ ಮೈಮೇಲೆ ತಣ್ಣೀರು ಹಾಕಿ, ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಕಮಲಾಪುರಕ್ಕೆ ಹೋಗುವವರು

‘ನನ್ನ ಕೆಲಸ ಕಮಲಾಪುರದಲ್ಲಿ. ನಾನೇನು ಮಾಡಲಿ?’ ಎನ್ನುವವರಿದ್ದಾರೆ. ಕಮಲಾಪುರ 2018ರಲ್ಲಿ ಹೊಸ ತಾಲ್ಲೂಕಾಯಿತು. ತಹಸೀಲ್ದಾರ್ ಕಚೇರಿ, ಶಾಲೆ, ಬ್ಯಾಂಕು, ಆಸ್ಪತ್ರೆಗಳಿಗೆ ದಿನವೂ ಕಲಬುರಗಿಯಿಂದ ಹೋಗಿ ಬರುವ ನೌಕರರಿದ್ದಾರೆ. ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ದೂರ. ಅಷ್ಟು ದೂರ ಸೈಕಲ್ ತುಳಿಯಿರೆಂದು ನಾನು ಯಾರಿಗೂ ಹೇಳಲಾರೆ. ಅದು ಲಾರಿಗಳು ಓಡಾಡುವ ರಾಷ್ಟ್ರೀಯ ಹೆದ್ದಾರಿ. ಕತ್ತಲಾದ ಮೇಲಂತೂ ಸೈಕಲ್ಲಿಗೆ ತಕ್ಕ ದಾರಿಯಲ್ಲ.

ಆದರೆ ಅವರ ದಿನಚರಿಯನ್ನು ಸ್ವಲ್ಪ ಬಿಡಿಸಿ ನೋಡಿ. ಮನೆಯಿಂದ ಬಸ್ ನಿಲ್ದಾಣಕ್ಕೆ ಬೈಕ್ ಅಥವಾ ಆಟೊ. ಬಸ್ಸಿನಲ್ಲಿ ಒಂದು ಗಂಟೆ ಕುಳಿತು ಪಯಣ. ಇಳಿದ ಮೇಲೆ ಕಚೇರಿಗೆ ಯಾರದೋ ಬೈಕಿನ ಹಿಂದೆ. ಕಚೇರಿಯಲ್ಲಿ ಕುರ್ಚಿ. ಸಂಜೆ ಇದೆಲ್ಲ ತಿರುಗುಮುರುಗು. ಸಕ್ಕರೆ, ರಕ್ತದೊತ್ತಡ ಬೇಗ ಮೈಗೂಡುವುದು ಇಂಥವರಲ್ಲಿಯೇ. ಇವರಿಗೆ ನಾನು ಹೇಳುವ ಉಪಾಯ ಎರಡು ತುದಿಗೆ ಎರಡು ಸೈಕಲ್. ಇಲ್ಲಿಯ ಸೈಕಲ್ಲನ್ನು ಬಸ್ ನಿಲ್ದಾಣದ ಬಳಿ ಇಡಿ. ಕಮಲಾಪುರದಲ್ಲಿ ಹಳೆಯದೊಂದನ್ನು ಕೊಂಡು ಪರಿಚಯದ ಅಂಗಡಿಯ ಮುಂದೆ ಬೀಗ ಹಾಕಿಡಿ. ಇಬ್ಬರು ಮೂವರು ಸೇರಿ ಇಟ್ಟುಕೊಂಡರೆ ಖರ್ಚೂ ಹಗುರ. ಎರಡೂ ಕಡೆ ಸೇರಿ ದಿನಕ್ಕೆ ಅರ್ಧ ಗಂಟೆ ತುಳಿದರೆ ಅವರ ಪಾಲಿನ ಶ್ರಮ ಮುಗಿಯಿತು. ಸುತ್ತಲಿನ ಹಳ್ಳಿಗಳಿಂದ ಕಮಲಾಪುರದ ಬಸ್ಸು ಹಿಡಿಯಲು ಬರುವ ವಿದ್ಯಾರ್ಥಿಗಳಿಗೂ ಇದೇ ದಾರಿ. ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಹಣ್ಣು. ತುಳಿದು ದಣಿದವರಿಗೆ ಒಂದು ಬಾಳೆಹಣ್ಣಿಗಿಂತ ಒಳ್ಳೆಯ ತಿಂಡಿ ಬೇಕಿಲ್ಲ. ದಾರಿಯಲ್ಲಿ ನಿಂತು ಮಿರ್ಚಿ ಭಜಿ, ಸುಸಲಾ ಹೊಡೆದರೆ ಮಾತ್ರ ತುಳಿದು ಕರಗಿಸಿದ್ದೆಲ್ಲ ಅಲ್ಲೇ ವಾಪಸು ಬಂತೆಂದು ತಿಳಿಯಿರಿ.

ದಿನನಿತ್ಯದ ತೊಡಕುಗಳು

ಬೆವರಿದ ಅಂಗಿಯಲ್ಲಿ ಸಾಹೇಬರ ಎದುರು ನಿಲ್ಲುವುದು ಹೇಗೆ? ನಿಧಾನ ತುಳಿಯಿರಿ, ಹತ್ತು ನಿಮಿಷ ಮುಂಚೆ ಹೊರಡಿ. ಚೀಲದಲ್ಲಿ ಒಂದು ಟವೆಲ್, ಒಂದು ಅಂಗಿ ಇರಲಿ. ಮಾತನಾಡಲು ಆಗುವಷ್ಟು, ಹಾಡಲು ಆಗದಷ್ಟು ಉಸಿರು ಏರಿದರೆ ಶ್ರಮ ಸರಿಯಾಗಿದೆ ಎಂದರ್ಥ.

ಮೊಣಕಾಲು ನೋಯುತ್ತಿದ್ದರೆ ಹೆಚ್ಚಿನ ಸಲ ತಪ್ಪು ಕಾಲಿನದಲ್ಲ, ಸೀಟಿನದು. ಪೆಡಲ್ ಪೂರ್ತಿ ಕೆಳಗಿದ್ದಾಗ ಮೊಣಕಾಲು ತುಸುವೇ ಬಾಗಿರಬೇಕು. ಸೀಟು ತಗ್ಗಿದ್ದರೆ ಮೊಣಕಾಲಿಗೆ ಭಾರ. ಅತಿ ಎತ್ತರವಾದರೆ ಸೊಂಟ ಅತ್ತಿತ್ತ ಹೊರಳುತ್ತದೆ. ಕೈ ಜೋಮು ಹಿಡಿದರೆ ಹ್ಯಾಂಡಲ್ ಮೇಲೆ ಭಾರ ಬಿಡುತ್ತಿದ್ದೀರಿ ಎಂದರ್ಥ. ಬೆನ್ನು ನೆಟ್ಟಗೆ ಮಾಡಿ. ಹವಾ ಕಡಿಮೆ ಇರುವ ಚಕ್ರ ಕಾಲನ್ನು ಸುಮ್ಮನೆ ದಣಿಸುತ್ತದೆ. ವಾರಕ್ಕೊಮ್ಮೆ ಹವಾ ತುಂಬಿಸಿ. ರಸ್ತೆಬದಿಯ ಜಾಲಿಮುಳ್ಳು ನಮ್ಮ ಕಡೆಯ ಪಂಕ್ಚರ್ ಅಂಗಡಿಗಳ ಅನ್ನದಾತ. ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು ಮಡ್‌ಗಾರ್ಡಿನಲ್ಲಿ ಮೆತ್ತಿಕೊಂಡು ಚಕ್ರವನ್ನೇ ನಿಲ್ಲಿಸಬಲ್ಲದು. ಆದಷ್ಟು ಡಾಂಬರಿನ ಮೇಲೆಯೇ ಇರಿ.

ನಾಯಿ ಬೆನ್ನಟ್ಟಿದರೆ ಜೋರಾಗಿ ತುಳಿಯಬೇಡಿ. ಓಡುವುದನ್ನು ಅಟ್ಟುವುದು ಅದರ ಹುಟ್ಟುಗುಣ. ಇಳಿದು, ಸೈಕಲ್ಲನ್ನು ನಡುವೆ ಹಿಡಿದು ನಡೆಯಿರಿ. ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸಾಬೂನು ಹಚ್ಚಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ. ತಲೆಗೆ ಹೆಲ್ಮೆಟ್, ಹಿಂದೆ ಕೆಂಪು ದೀಪ, ಎರಡೂ ಚಕ್ರಕ್ಕೆ ಗಟ್ಟಿ ಬ್ರೇಕ್ ಇರಲೇಬೇಕು.

ಹೊಗೆಯ ಚಿಂತೆಯೂ ಹಲವರಿಗಿದೆ. 2016ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಹಾಕಿದ ಲೆಕ್ಕದಂತೆ ದೆಹಲಿಯಂಥ ನಗರದಲ್ಲೂ ವಾರಕ್ಕೆ ಐದು ಗಂಟೆಯವರೆಗೆ ಸೈಕಲ್ ತುಳಿಯುವುದರ ಲಾಭ ಹೊಗೆಯ ನಷ್ಟಕ್ಕಿಂತ ಹೆಚ್ಚು. ಆದರೂ ಲಾರಿ, ಬಸ್ಸುಗಳ ಹಿಂದೆ ಅಂಟಿಕೊಂಡು ಹೋಗದೆ ಒಳ ಓಣಿಗಳನ್ನು ಹಿಡಿಯುವುದು ಒಳ್ಳೆಯದು.

ಯಾರು ಕೇಳಿ ತುಳಿಯಬೇಕು?

ಎದೆನೋವು ಇರುವವರು, ಹೃದಯಾಘಾತವಾದವರು, ಹಿಡಿತಕ್ಕೆ ಬಾರದ ರಕ್ತದೊತ್ತಡದವರು, ಆಗಾಗ ತಲೆಸುತ್ತು ಅಥವಾ ಮೂರ್ಛೆ ಬರುವವರು ವೈದ್ಯರನ್ನು ಕೇಳದೆ ಹೊರಡಬಾರದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಶ್ರಮದಿಂದ ಸಕ್ಕರೆ ತೀರಾ ಇಳಿಯಬಹುದು. ಕೈ ನಡುಕ, ತಣ್ಣನೆ ಬೆವರು ಅದರ ಸೂಚನೆ. ಜೇಬಿನಲ್ಲಿ ಸದಾ ಸಕ್ಕರೆ ಅಥವಾ ಬೆಲ್ಲದ ಚೂರು ಇರಲಿ. ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಯವರು ಬೇಸಿಗೆಯಲ್ಲಿ ಇನ್ನೂ ಎಚ್ಚರದಿಂದಿರಬೇಕು. ಇನ್ನೊಂದು ಮಾತು: ಸೈಕಲ್ ತುಳಿಯುತ್ತಿದ್ದೇನೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಕಡಿಮೆ ಮಾಡುವ ಕಾಲ ಬಂದರೆ ನಿಮ್ಮ ವೈದ್ಯರೇ ಸಂತೋಷದಿಂದ ಮಾಡುತ್ತಾರೆ.

ಈಗಲೂ ತುಳಿಯುತ್ತಿರುವವರು

ಇಷ್ಟೆಲ್ಲ ಓದುವಾಗ ಸೈಕಲ್ ನಮ್ಮೂರಿನಿಂದ ಮಾಯವಾಗಿದೆ ಎಂದು ಭಾವಿಸಬೇಡಿ. ಈ ಪತ್ರಿಕೆಯನ್ನು ನಸುಕಿನಲ್ಲಿ ನಿಮ್ಮ ಬಾಗಿಲಿಗೆ ಹಾಕಿದ ಹುಡುಗನನ್ನು, ಹಾಲಿನವನನ್ನು, ಊಟದ ಡಬ್ಬಿ ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಕಪನೂರು ಕೈಗಾರಿಕಾ ಪ್ರದೇಶದ ಕಡೆ ಹೋಗುವ ಕೂಲಿಕಾರರನ್ನು, ಕರಣೆ, ಗುಂಡು ಕಟ್ಟಿಕೊಂಡ ಗೌಂಡಿಗಳನ್ನು ನೋಡಿ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಹೊಲದ ಹೊರಗೆ ದುಡಿಯುವವರಲ್ಲಿ ನೂರಕ್ಕೆ ಸುಮಾರು 13 ಜನ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದರು. ಅವರು ಆರೋಗ್ಯಕ್ಕೆಂದು ತುಳಿಯುವವರಲ್ಲ, ಬೇರೆ ದಾರಿಯಿಲ್ಲದೆ ತುಳಿಯುವವರು. ನಡು ಮಧ್ಯಾಹ್ನದ ಬಿಸಿಲನ್ನು ತಪ್ಪಿಸಿಕೊಳ್ಳುವ ಸ್ವಾತಂತ್ರ್ಯವೂ ಅವರಿಗಿಲ್ಲ. ರಸ್ತೆಯಲ್ಲಿ ಹಾರ್ನ್ ಹಾಕಿ ಅವರನ್ನು ಬದಿಯ ಮಣ್ಣಿಗೆ ಇಳಿಸುವವರು ನಾವೇ.

ಗುಮಾಸ್ತರೂ ಮೇಷ್ಟ್ರುಗಳೂ ಸೈಕಲ್ ಬಿಟ್ಟ ಮೇಲೆ ರಸ್ತೆಯಲ್ಲಿ ಸೈಕಲ್ ಪರವಾಗಿ ಮಾತಾಡುವವರು ಉಳಿಯಲಿಲ್ಲ. ನಾವು ಮತ್ತೆ ಹತ್ತಿದರೆ ನಮ್ಮ ರಕ್ತದೊತ್ತಡ ಇಳಿಯುವುದಷ್ಟೇ ಅಲ್ಲ, ಅವರ ದಾರಿಗೂ ಒಂದು ದನಿ ಬರುತ್ತದೆ. ನೆದರ್ಲೆಂಡ್ಸ್ ಹುಟ್ಟಿನಿಂದಲೇ ಸೈಕಲ್ಲಿನ ಸ್ವರ್ಗವಾಗಿರಲಿಲ್ಲ. 1971ರಲ್ಲಿ ಅಲ್ಲಿ ರಸ್ತೆ ಅಪಘಾತಗಳಿಂದ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ತಂದೆತಾಯಿಗಳು ಬೀದಿಗಿಳಿದು ಕೇಳಿದ ಮೇಲೆಯೇ ಸೈಕಲ್ ದಾರಿಗಳು ಬಂದವು. ನಮ್ಮಲ್ಲಿಯೇ ಮೈಸೂರು 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆ ಆರಂಭಿಸಿ ತೋರಿಸಿತು.

ಕಲಬುರಗಿಗೆ ಅಷ್ಟು ದೊಡ್ಡ ಯೋಜನೆಯೇ ಬೇಕೆಂದಿಲ್ಲ. ಪ್ರತಿ ಕಚೇರಿಯಲ್ಲಿ ನೆರಳಿರುವ ಒಂದು ಸೈಕಲ್ ಸ್ಟ್ಯಾಂಡ್, ಕುಡಿಯುವ ನೀರು, ಮುಖ ತೊಳೆದು ಅಂಗಿ ಬದಲಿಸಲು ಒಂದು ಕೋಣೆ. ಬಸ್ ನಿಲ್ದಾಣಗಳಲ್ಲಿ ಕಳುವಿನ ಭಯವಿಲ್ಲದೆ ಸೈಕಲ್ ಇಡುವ ಜಾಗ. ರಸ್ತೆಯಂಚಿನಲ್ಲಿ ಬೇವು, ಹೊಂಗೆಯ ಸಾಲು. ಇವು ಮಹಾನಗರ ಪಾಲಿಕೆಯ, ಇಲಾಖೆಗಳ ಕೈಯಲ್ಲಿರುವ ಕೆಲಸಗಳು. ಒಬ್ಬ ಹಿರಿಯ ಅಧಿಕಾರಿ ವಾರಕ್ಕೆ ಎರಡು ದಿನ ಸೈಕಲ್ ಮೇಲೆ ಬಂದರೆ ಗೇಟಿನಲ್ಲಿ ಪ್ರಶ್ನೆ ಕೇಳುವವರೂ ಇರುವುದಿಲ್ಲ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. 2006-07ರಲ್ಲಿ ಆರಂಭವಾದ ಉಚಿತ ಸೈಕಲ್ ಯೋಜನೆ ಎಂಟನೆಯ ತರಗತಿಯ ಸಾವಿರಾರು ಹುಡುಗಿಯರಿಗೆ ಹಳ್ಳಿಯಿಂದ ಪ್ರೌಢಶಾಲೆಯ ದಾರಿ ತೆರೆಯಿತು. ಹಾಗೆ ಕಲಿತ ಹುಡುಗಿಯರಲ್ಲಿ ಹಲವರು ಇಂದು ನರ್ಸ್, ಶಿಕ್ಷಕಿ, ಗುಮಾಸ್ತೆಯರಾಗಿದ್ದಾರೆ. ಮದುವೆಯಾದೊಡನೆ ಅವರ ಸೈಕಲ್ ನಿಂತುಹೋಗುವುದೇಕೆ? ಮೂವತ್ತು ದಾಟಿದ ಮೇಲೆ ತೂಕ, ಥೈರಾಯ್ಡ್, ಸೊಂಟನೋವು ಎಂದು ಬರುವ ತಾಯಂದಿರನ್ನು ಕಂಡಾಗಲೆಲ್ಲ ನನಗೆ ಈ ಪ್ರಶ್ನೆ ಏಳುತ್ತದೆ. ಅತ್ತೆ ಮಾವಂದಿರು, ಗಂಡಂದಿರು ಉತ್ತರ ಹೇಳಬೇಕು. ‘ಸೊಸಿ ಸೈಕಲ್ ಹೊಡೀತಾಳ’ ಎಂಬುದು ಮನೆಯ ಮರ್ಯಾದೆಗೆ ಕುಂದಲ್ಲ. ಅವಳು ಆರೋಗ್ಯವಾಗಿದ್ದಾಳೆ ಎಂಬುದರ ಗುರುತು.

ಈ ಭಾನುವಾರ ಶುರುಮಾಡಿ

ಮೆಟ್ಟಿಲ ಕೆಳಗೆ, ಅಟ್ಟದ ಮೇಲೆ ದೂಳು ಹಿಡಿದು ನಿಂತಿರುವ ಸೈಕಲ್ ಇದ್ದರೆ ಹೊರತೆಗೆಯಿರಿ. ಚೈನಿಗೆ ಎಣ್ಣೆ ಬಿಡಿಸಿ, ಬ್ರೇಕ್ ಬಿಗಿಸಿ, ಹವಾ ತುಂಬಿಸಿ. ಭಾನುವಾರ ಬೆಳಿಗ್ಗೆ ರಸ್ತೆ ಖಾಲಿ ಇರುವಾಗ ಕಚೇರಿಯವರೆಗೆ ಒಮ್ಮೆ ಹೋಗಿ ಬಂದು ದಾರಿಯನ್ನೂ ವೇಳೆಯನ್ನೂ ಗೊತ್ತುಮಾಡಿಕೊಳ್ಳಿ. ಮೊದಲ ವಾರ ಎರಡೇ ದಿನ ತುಳಿಯಿರಿ. ತೊಡೆ ಸ್ವಲ್ಪ ನೋಯುತ್ತದೆ, ನೋಯಲಿ; ಎರಡನೆಯ ವಾರಕ್ಕೆ ಅದು ಹೋಗುತ್ತದೆ. ಎರಡನೆಯ ವಾರ ಮೂರು ದಿನ, ತಿಂಗಳು ಕಳೆಯುವಷ್ಟರಲ್ಲಿ ಐದು ದಿನ. ಶುರುಮಾಡುವ ಮುನ್ನ ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ ಮೂರನ್ನೂ ಬರೆದಿಡಿ. ಮೂರು ತಿಂಗಳ ನಂತರ ಮತ್ತೆ ನೋಡಿ.

ಗೇಟಿನಲ್ಲಿ ಯಾರಾದರೂ ಗಾಡಿ ಕೆಟ್ಟಿದೆಯೇ ಎಂದು ಕೇಳಿದರೆ ಸಿಟ್ಟಾಗಬೇಡಿ. ‘ಗಾಡಿ ಚಲೋ ಅದರಿ, ನಾ ಕೆಡಬಾರ್ದಂತ ಸೈಕಲ್ ತಂದೀನಿ’ ಎಂದು ಹೇಳಿ, ಬೀಗ ಹಾಕಿ ಒಳಗೆ ನಡೆಯಿರಿ.